ಸಲಾಯಿನ್ ಹಚ್ಚಿದ ಜಾಗದ ಅಂಟುಪಟ್ಟಿ: ಪಾಕೀಟಿನ ಮೇಲಿನ ಗುರುತುಗಳ ಅರ್ಥವೇನು? ಯಾವ ಫಾರ್ವರ್ಡ್ ನಿಜ, ಯಾವುದು ಸುಳ್ಳು?

ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದಾಗ ಕೈ ಮೇಲೆ ತೆಳ್ಳಗಿನ ಪಾರದರ್ಶಕ ಅಂಟುಪಟ್ಟಿಯೊಂದನ್ನು ಅಂಟಿಸುತ್ತಾರೆ. ಡಯಾಲಿಸಿಸ್‌ಗಾಗಿ ಕುತ್ತಿಗೆಯ ಬಳಿ ನಳಿಕೆ ಹಾಕಿಸಿಕೊಂಡವರಿಗೆ, ಕ್ಯಾನ್ಸರ್ ಔಷಧಕ್ಕಾಗಿ ತೋಳಿನಲ್ಲಿ ಉದ್ದನೆಯ ಪೈಪ್ ಇರುವವರಿಗೆ ಇದೇ ಬಗೆಯ ಇನ್ನೂ ದೊಡ್ಡ ಪಟ್ಟಿ ಬೇಕಾಗುತ್ತದೆ. ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ಅದು ಬಂದ ಪಾಕೀಟನ್ನು ಮಾತ್ರ ಹರಿದು ಕಸದ ಬುಟ್ಟಿಗೆ ಹಾಕುತ್ತಾರೆ.

ಆದರೆ ಇಂಥ ಪಾಕೀಟುಗಳ ಬಗ್ಗೆ ಫೋನಿನಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಮಾತುಗಳಿಗೆ ಕೊರತೆ ಇಲ್ಲ. ಹೆಚ್ಚಾಗಿ ಕೇಳಿಬರುವ ಕೆಲವು ಇಲ್ಲಿವೆ:

• "ಪಾಕೀಟಿನ ಮೇಲೆ ‘ಇಒ’ ಎಂದಿದ್ದರೆ ಅದರಲ್ಲಿ ಕ್ಯಾನ್ಸರ್ ತರುವ ವಿಷವಿದೆ."
• "‘ಆರ್’ ಎಂದಿದ್ದರೆ ರೇಡಿಯೇಷನ್ ಹಾಯಿಸಿದ್ದಾರೆ, ಮೈಗೆ ಅಂಟಿಸಬೇಡಿ."
• "ಅಂಚಿನಲ್ಲಿರುವ ಬಣ್ಣದ ಚೌಕ ನೋಡಿ ಅಸಲಿಯೋ ನಕಲಿಯೋ ಹೇಳಬಹುದು."
• "ಎಕ್ಸ್‌ಪೈರಿ ಎಂಬುದು ಅಂಟಿಗೆ ಮಾತ್ರ. ಅಂಟುತ್ತಿದ್ದರೆ ಬಳಸಬಹುದು."
• "ಪಟ್ಟಿಯನ್ನು ದಿನಾ ಬದಲಿಸಿದಷ್ಟೂ ಒಳ್ಳೆಯದು."

ಈ ಐದೂ ಮಾತುಗಳು ತಪ್ಪು, ಅಥವಾ ಅರ್ಧ ಸತ್ಯ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ?

ಬೆಳಗಾವಿ ಈ ಭಾಗದ ದೊಡ್ಡ ಆಸ್ಪತ್ರೆಗಳ ಊರು. ಬಿಮ್ಸ್ ಜಿಲ್ಲಾಸ್ಪತ್ರೆಗೆ, ಕೆಎಲ್ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಗೆ, ನಗರದ ಹತ್ತಾರು ನರ್ಸಿಂಗ್ ಹೋಮ್‌ಗಳಿಗೆ ಖಾನಾಪುರ, ಬೈಲಹೊಂಗಲ, ಗೋಕಾಕ ಕಡೆಯವರಷ್ಟೇ ಅಲ್ಲ, ಗಡಿಯಾಚೆಯ ಮಹಾರಾಷ್ಟ್ರ ಮತ್ತು ಗೋವಾದವರೂ ಬರುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ಕೆಲವರು ನಳಿಕೆ ಇಟ್ಟುಕೊಂಡೇ ಮನೆಗೆ ಹೋಗುತ್ತಾರೆ. ಆಮೇಲೆ ಪಟ್ಟಿ ಕೊಳ್ಳುವುದು ಮನೆಯವರ ಕೆಲಸ. ಹಿಂದವಾಡಿ, ಗೋವಾವೇಸ್, ತಿಲಕವಾಡಿಯ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೊಟ್ಟು ಪಟ್ಟಿ ತಂದು, ಕ್ಲಿನಿಕ್‌ನ ಸಿಸ್ಟರ್ ಕೈಗೆ ಕೊಡುವವರು ಅವರೇ.

ಪಾಕೀಟಿನ ಮೇಲಿನ ಬರಹ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಇಲ್ಲಿ ಮನೆಮಾತು ಕನ್ನಡ, ಮರಾಠಿ, ಕೊಂಕಣಿ ಅಥವಾ ಉರ್ದು. ಹಾಗಾಗಿ ಓದು ಬಾರದವರಿಗೂ ತಿಳಿಯಲೆಂದು ಪ್ರಪಂಚದ ಎಲ್ಲ ಕಡೆ ಒಂದೇ ರೀತಿಯ ಚಿತ್ರಗುರುತುಗಳನ್ನು ಮುದ್ರಿಸುತ್ತಾರೆ. ಆದರೆ ಆ ಚಿತ್ರಗಳ ಅರ್ಥವನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ತೊಂದರೆ ಇರುವುದು ಅಲ್ಲೇ.

ಇನ್ನೊಂದು ಕಾರಣ ಮಳೆ. ಖಾನಾಪುರ ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರ. ಅಲ್ಲಿಂದ ಮುಂದೆ ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲವೆಂದರೆ ತಿಂಗಳುಗಟ್ಟಲೆ ಒಣಗದ ಗೋಡೆ, ಒದ್ದೆ ಬಟ್ಟೆ. ಕ್ರಿಮಿರಹಿತ ಪಾಕೀಟಿನ ದೊಡ್ಡ ಶತ್ರು ನೀರು.

ಪಟ್ಟಿಯ ಕೆಳಗೆ ಇರುವುದೇನು?

ಮೊದಲಿಗೆ ಒಂದು ಸಾಮಾನ್ಯ ಭಯ. ಸಲಾಯಿನ್ ಹಚ್ಚಿದ ಮೇಲೆ ಸೂಜಿ ಒಳಗೇ ಇರುತ್ತದೆ, ಕೈ ಮಡಿಸಿದರೆ ಚುಚ್ಚುತ್ತದೆ ಎಂದು ಹಲವರು ನಂಬುತ್ತಾರೆ. ಇಂದು ವಾರ್ಡುಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ಯಾನುಲಾದಲ್ಲಿ ಹಾಗಿಲ್ಲ. ಚುಚ್ಚಿದ ಸೂಜಿಯನ್ನು ಆಗಲೇ ಹೊರಗೆ ತೆಗೆಯುತ್ತಾರೆ. ರಕ್ತನಾಳದಲ್ಲಿ ಉಳಿಯುವುದು ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಮಾತ್ರ.

ಆದರೆ ಆ ನಳಿಕೆ ಚರ್ಮವನ್ನು ದಾಟಿ ನೇರ ರಕ್ತಕ್ಕೆ ತೆರೆದ ಬಾಗಿಲು. ನಮ್ಮ ಚರ್ಮದ ಮೇಲೆ ಯಾವಾಗಲೂ ಇರುವ ಬ್ಯಾಕ್ಟೀರಿಯಾ ಅಲ್ಲೇ ಇದ್ದರೆ ತೊಂದರೆ ಇಲ್ಲ. ನಳಿಕೆಯ ಪಕ್ಕದಿಂದ ಒಳಗೆ ಇಳಿದರೆ ಸೋಂಕು. ಪಟ್ಟಿಗೆ ಎರಡು ಕೆಲಸ: ಆ ಬಾಗಿಲನ್ನು ಮುಚ್ಚುವುದು, ಮತ್ತು ನಳಿಕೆ ಅಲುಗದಂತೆ ಹಿಡಿಯುವುದು. ಅಲುಗುವ ನಳಿಕೆ ರಕ್ತನಾಳದ ಒಳಗೋಡೆಯನ್ನು ಉಜ್ಜುತ್ತದೆ. ಊತ ಬರುತ್ತದೆ, ಔಷಧ ಹೊರಗೆ ಸೋರುತ್ತದೆ.

ನಳಿಕೆಗೆಂದೇ ಮಾಡಿದ ಪಟ್ಟಿಯನ್ನು ಗಮನಿಸಿದರೆ ಅದರ ವಿನ್ಯಾಸ ತಿಳಿಯುತ್ತದೆ:

• ಒಂದು ಬದಿಯಲ್ಲಿ ‘ಯು’ ಆಕಾರದ ಸೀಳು ಇರುತ್ತದೆ. ಪೈಪ್ ಹೊರಬರುವುದು ಅಲ್ಲಿಂದ. ಸಾಮಾನ್ಯ ಗಾಯದ ಪಟ್ಟಿಯಲ್ಲಿ ಇದು ಇರುವುದಿಲ್ಲ. ಅದನ್ನು ಪೈಪ್ ಮೇಲೆ ಅಂಟಿಸಿದರೆ ಎರಡೂ ಬದಿಯಲ್ಲಿ ಸಣ್ಣ ಸುರಂಗ ಉಳಿಯುತ್ತದೆ, ನೀರು ಮತ್ತು ಬೆವರು ಅದರೊಳಗೆ ಹೋಗುತ್ತವೆ.
• ನಡುವೆ ಪಾರದರ್ಶಕ ಪಾಲಿಯುರೆಥೇನ್ ಪದರ. ಪಟ್ಟಿ ಬಿಚ್ಚದೆಯೇ ಕೆಂಪಾಗಿದೆಯೇ, ಊದಿದೆಯೇ ಎಂದು ನೋಡಬಹುದು. ಹೊರಗಿನ ನೀರನ್ನು ಇದು ಒಳಗೆ ಬಿಡುವುದಿಲ್ಲ, ಆದರೆ ಚರ್ಮದಿಂದ ಬರುವ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ.
• ಸುತ್ತ ಕಾಗದದ ಚೌಕಟ್ಟು. ಪದರ ಎಷ್ಟು ತೆಳ್ಳಗಿದೆಯೆಂದರೆ, ಚೌಕಟ್ಟು ಇಲ್ಲದಿದ್ದರೆ ತನಗೆ ತಾನೇ ಅಂಟಿಕೊಂಡು ಮುದ್ದೆಯಾಗುತ್ತದೆ. ಅಂಟಿಸಿದ ಮೇಲೆ ಚೌಕಟ್ಟನ್ನು ತೆಗೆಯಬೇಕು.
• ಜೊತೆಗೆ ಒಂದೆರಡು ಸಣ್ಣ ಪಟ್ಟಿಗಳು ಮತ್ತು ದಿನಾಂಕ ಬರೆಯುವ ಚೀಟಿ ಇರಬಹುದು. ಚೀಟಿ ಇದ್ದರೆ ಯಾವ ದಿನ, ಎಷ್ಟು ಗಂಟೆಗೆ ಹಾಕಿದರು ಎಂದು ಅದರ ಮೇಲೆ ಬರೆಸಿಕೊಳ್ಳಿ.

ಪಾಕೀಟು ಹೇಗೆ ಕೆಲಸ ಮಾಡುತ್ತದೆ?

ಗಾಯಕ್ಕೆ ಹಾಕುವ ಅಂಟುಪಟ್ಟಿ ಹುಟ್ಟಿದ್ದು 1920ರಲ್ಲಿ. ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ನೌಕರ ಅರ್ಲ್ ಡಿಕ್ಸನ್, ಅಡುಗೆಮನೆಯಲ್ಲಿ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಅದನ್ನು ಮಾಡಿದ. ಅದೇ ಬ್ಯಾಂಡ್-ಏಡ್. ಆದರೆ ಅದು ಕ್ರಿಮಿರಹಿತವಾಗಿ ಮಾರುಕಟ್ಟೆಗೆ ಬಂದದ್ದು 1939ರಲ್ಲಿ. ಪಟ್ಟಿ ಮಾಡುವುದಕ್ಕಿಂತ ಅದನ್ನು ಕ್ರಿಮಿರಹಿತವಾಗಿ ಮನೆಯವರೆಗೆ ಮುಟ್ಟಿಸುವುದು ಕಷ್ಟದ ಕೆಲಸ.

ಕಷ್ಟ ಏನೆಂದರೆ, ಪಟ್ಟಿಯನ್ನು ಮೊದಲು ಪಾಕೀಟಿನಲ್ಲಿ ಇಟ್ಟು ಮುಚ್ಚುತ್ತಾರೆ, ಆಮೇಲೆ ಪಾಕೀಟಿನ ಸಮೇತ ಕ್ರಿಮಿ ಕೊಲ್ಲುತ್ತಾರೆ. ಅನಿಲ ಬಳಸಿ ಕ್ರಿಮಿ ಕೊಲ್ಲುವುದಾದರೆ ಪಾಕೀಟು ಅನಿಲವನ್ನು ಒಳಗೆ ಬಿಡಬೇಕು, ಮತ್ತೆ ಹೊರಗೂ ಬಿಡಬೇಕು. ಬ್ಯಾಕ್ಟೀರಿಯಾವನ್ನು ಮಾತ್ರ ಬಿಡಬಾರದು.

ಅದಕ್ಕಾಗಿಯೇ ಪಾಕೀಟಿನ ಒಂದು ಬದಿ ಪಾರದರ್ಶಕ ಪ್ಲಾಸ್ಟಿಕ್, ಇನ್ನೊಂದು ಬದಿ ಕಾಗದದಂತಿರುವ ಬಿಳಿ ಹಾಳೆ. ಈ ಹಾಳೆ ಒಂದೋ ವೈದ್ಯಕೀಯ ದರ್ಜೆಯ ಕಾಗದ, ಇಲ್ಲವೇ ಟೈವೆಕ್ ಎಂಬ ವಸ್ತು. ಟೈವೆಕ್ ಕಾಗದವೂ ಅಲ್ಲ, ಬಟ್ಟೆಯೂ ಅಲ್ಲ. ಡುಪಾಂಟ್ ಕಂಪನಿ 1967ರಿಂದ ಮಾರುತ್ತಿರುವ, ಪಾಲಿಥೀನ್ ಎಳೆಗಳ ಹಾಳೆ ಅದು. ಶಹಾಪುರ, ವಡಗಾವಿಯ ಮಗ್ಗಗಳಲ್ಲಿ ನೇಯ್ದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ನೇರ ಎಳೆಗಳಿರುತ್ತವೆ, ಅವುಗಳ ನಡುವೆ ನೇರ ರಂಧ್ರಗಳೂ ಇರುತ್ತವೆ. ಟೈವೆಕ್‌ನಲ್ಲಿ ಕೂದಲಿಗಿಂತ ಸಣ್ಣ ಎಳೆಗಳನ್ನು ಅಡ್ಡಾದಿಡ್ಡಿ ಹರಡಿ ಬಿಸಿಯಿಂದ ಒತ್ತಿರುತ್ತಾರೆ. ಒಳಗೆ ಹೋಗುವ ದಾರಿ ಅಂಕುಡೊಂಕು. ಬ್ಯಾಕ್ಟೀರಿಯಾಕ್ಕಿಂತ ಸಾವಿರಾರು ಪಟ್ಟು ಸಣ್ಣದಾದ ಅನಿಲದ ಕಣ ಸಲೀಸಾಗಿ ಹೋಗುತ್ತದೆ. ದೂಳಿನ ಮೇಲೆ ಕೂತು ಬರುವ ಬ್ಯಾಕ್ಟೀರಿಯಾ ತಿರುವುಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ನೆನಪಿಡಬೇಕಾದ ಮಾತು ಒಂದು. ಕ್ರಿಮಿಯಿಂದ ಕಾಪಾಡುವುದು ಹೊರಗಿನ ರಟ್ಟಿನ ಡಬ್ಬಿ ಅಲ್ಲ, ಒಳಗಿನ ಪಾಕೀಟು. ಡಬ್ಬಿ ಹೊಸದಿದ್ದು ಪಾಕೀಟು ಹರಿದಿದ್ದರೆ ಪ್ರಯೋಜನವಿಲ್ಲ. ಡಬ್ಬಿ ಜಜ್ಜಿದ್ದರೆ ಒಳಗಿನ ಒಂದೊಂದು ಪಾಕೀಟನ್ನೂ ನೋಡಿ ಬಳಸಬೇಕು.

‘ಇಒ’ ಎಂದರೆ ವಿಷವೇ?

ಇಒ ಎಂದರೆ ಎಥಿಲೀನ್ ಆಕ್ಸೈಡ್. ಕ್ರಿಮಿ ಕೊಲ್ಲಲು ಬಳಸುವ ಅನಿಲ. ಇದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿರುವುದು ನಿಜ. ಫಾರ್ವರ್ಡ್‌ಗಳು ಹೇಳುವುದು ಇಷ್ಟನ್ನೇ.

ಹೇಳದೆ ಬಿಡುವುದು ಮುಂದಿನದನ್ನು. ಅಪಾಯ ಇರುವುದು ಆ ಅನಿಲವನ್ನು ವರ್ಷಗಟ್ಟಲೆ ಉಸಿರಾಡುವವರಿಗೆ, ಮುಖ್ಯವಾಗಿ ಕಾರ್ಖಾನೆಯ ಕೆಲಸಗಾರರಿಗೆ. ಪಾಕೀಟುಗಳನ್ನು ಅನಿಲ ಹಾಯಿಸಿದ ಕೂಡಲೇ ಮಾರುವುದಿಲ್ಲ. ಗಾಳಿಯಾಡುವ ಕೋಣೆಯಲ್ಲಿ ಇಟ್ಟು, ಬಿಳಿ ಹಾಳೆಯ ಅದೇ ರಂಧ್ರಗಳಿಂದ ಅನಿಲ ಹೊರಹೋಗಲು ಬಿಡುತ್ತಾರೆ. ಕೊನೆಗೆ ಎಷ್ಟು ಉಳಿಯಬಹುದು ಎಂಬುದಕ್ಕೆ ಅಂತಾರಾಷ್ಟ್ರೀಯ ಮಾನದಂಡದ ಮಿತಿ ಇದೆ. ಪಾಕೀಟಿನ ಮೇಲಿನ ‘ಇಒ’ ಎಂದರೆ "ಇದರಲ್ಲಿ ಈ ವಿಷ ಇದೆ" ಎಂದಲ್ಲ, "ಈ ವಿಧಾನದಿಂದ ಕ್ರಿಮಿ ಕೊಂದಿದ್ದೇವೆ" ಎಂದು.

ಕೋವಿಡ್ ಸಮಯದಲ್ಲಿ ಇದೇ ಎರಡು ಅಕ್ಷರಗಳ ಚಿತ್ರ ಹಾಕಿ, ಮೂಗಿನ ಸ್ವ್ಯಾಬ್ ಕಡ್ಡಿಯಲ್ಲಿ ವಿಷವಿದೆ ಎಂದು ಹಲವು ದೇಶಗಳಲ್ಲಿ ಸುದ್ದಿ ಹಬ್ಬಿತ್ತು. ಅದೇ ಅಕ್ಷರಗಳು ಸಿರಿಂಜು, ಸಲಾಯಿನ್ ಸೆಟ್, ಕ್ಯಾನುಲಾ ಮೇಲೂ ದಶಕಗಳಿಂದ ಇವೆ.

‘ಆರ್’ ಎಂದರೆ ಪಟ್ಟಿ ರೇಡಿಯೋಆಕ್ಟಿವ್ ಆಗಿದೆಯೇ?

ಇಲ್ಲ. ಆರ್ ಎಂದರೆ ವಿಕಿರಣದಿಂದ ಕ್ರಿಮಿ ಕೊಂದದ್ದು. ಇದಕ್ಕೆ ಹೆಚ್ಚಾಗಿ ಕೋಬಾಲ್ಟ್-60ರಿಂದ ಬರುವ ಗಾಮಾ ಕಿರಣ ಬಳಸುತ್ತಾರೆ. ಅದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ತುಂಡರಿಸುತ್ತದೆ. ಆದರೆ ಪಟ್ಟಿಯ ಪರಮಾಣುಗಳನ್ನು ವಿಕಿರಣಶೀಲವಾಗಿ ಬದಲಿಸುವಷ್ಟು ಶಕ್ತಿ ಅದಕ್ಕಿಲ್ಲ. ಎಕ್ಸ್-ರೇ ತೆಗೆಸಿಕೊಂಡ ಕೈ ಹೇಗೆ ಎಕ್ಸ್-ರೇ ಹೊರಸೂಸುವುದಿಲ್ಲವೋ ಹಾಗೆ.

ನಮ್ಮ ದೇಶಕ್ಕೆ ಇದು ಹೊಸದೂ ಅಲ್ಲ. ಮುಂಬೈನ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ‘ಐಸೋಮೆಡ್’ ಘಟಕ ವೈದ್ಯಕೀಯ ವಸ್ತುಗಳಿಗೆ ಗಾಮಾ ಕಿರಣ ಹಾಯಿಸುವ ಕೆಲಸ ಶುರು ಮಾಡಿದ್ದು 1974ರಲ್ಲಿ.

ಗುರುತುಗಳನ್ನು ಓದುವುದು ಹೀಗೆ

ಪಾಕೀಟನ್ನು ಕೈಯಲ್ಲಿ ಹಿಡಿದು, ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ.

• ಅಡ್ಡಗೆರೆ ಹೊಡೆದ 2: ಒಮ್ಮೆ ಮಾತ್ರ ಬಳಸಿ. ಎರಡು ದಿನಕ್ಕೊಮ್ಮೆ ಬದಲಿಸಿ ಎಂದಲ್ಲ, ಇಬ್ಬರಿಗೆ ಬಳಸಬಹುದು ಎಂದೂ ಅಲ್ಲ.
• ಮರಳು ಗಡಿಯಾರ: ಇದರ ಪಕ್ಕದ ದಿನಾಂಕದ ಒಳಗೆ ಬಳಸಬೇಕು.
• ಕಾರ್ಖಾನೆಯ ಚಿತ್ರ: ಒಳಗೆ ಕಪ್ಪು ತುಂಬಿದ್ದರೆ ತಯಾರಕರ ಹೆಸರು, ವಿಳಾಸ. ಬರೀ ಗೆರೆಯ ಚಿತ್ರವಿದ್ದರೆ ತಯಾರಾದ ದಿನಾಂಕ.
• ಚೌಕದೊಳಗೆ ‘ಎಲ್ಒಟಿ’: ಬ್ಯಾಚ್ ಸಂಖ್ಯೆ. ದೂರು ಕೊಡಬೇಕಾದರೆ ಇದು ಬೇಕೇ ಬೇಕು.
• ಕೊಡೆ ಮತ್ತು ಮಳೆಹನಿ: ಒದ್ದೆಯಾಗದಂತೆ ಇಡಿ.
• ಸೂರ್ಯ: ಬಿಸಿಲಿಗೆ ಇಡಬೇಡಿ.
• ಒಡೆದ ಡಬ್ಬಿಯ ಮೇಲೆ ಅಡ್ಡಗೆರೆ: ಪಾಕೀಟು ಹರಿದಿದ್ದರೆ ಬಳಸಬೇಡಿ.
• ತ್ರಿಕೋನದಲ್ಲಿ ಆಶ್ಚರ್ಯ ಚಿಹ್ನೆ: ಎಚ್ಚರಿಕೆ ಇದೆ, ಒಳಗಿನ ಚೀಟಿ ಓದಿ.

ವೈದ್ಯಕೀಯ ಸಾಧನಗಳ ನಿಯಮಗಳು ನಮ್ಮಲ್ಲಿ ಜಾರಿಗೆ ಬಂದದ್ದು 2018ರ ಜನವರಿ 1ರಿಂದ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ತಯಾರಕರ ಹೆಸರು, ಬ್ಯಾಚ್, ತಯಾರಿಕೆಯ ಮತ್ತು ಅವಧಿ ಮುಗಿಯುವ ತಿಂಗಳು, ಪರವಾನಗಿ ಸಂಖ್ಯೆ, ಕ್ರಿಮಿರಹಿತವಾಗಿದ್ದರೆ ಆ ವಿವರ, ಇಷ್ಟೂ ಲೇಬಲ್ ಮೇಲೆ ಇರಬೇಕು. ಅಸಲಿ ಹೌದೇ ಎಂಬ ಅನುಮಾನ ಬಂದರೆ ನೋಡಬೇಕಾದದ್ದು ಇವನ್ನು. ಬಿಲ್ಲನ್ನೂ ಕೇಳಿ ಪಡೆಯಿರಿ.

ಹಾಗಾದರೆ ಬಣ್ಣದ ಚೌಕ?

ಟೂತ್‌ಪೇಸ್ಟ್ ಟ್ಯೂಬಿನ ತುದಿಯ ಬಣ್ಣ ನೋಡಿ ರಾಸಾಯನಿಕವೋ ನೈಸರ್ಗಿಕವೋ ತಿಳಿಯಬಹುದು ಎಂಬ ಹಳೆಯ ಫಾರ್ವರ್ಡ್ ನೆನಪಿದೆಯಲ್ಲ? ಅದರ ತಮ್ಮ ಇದು. ಪಾಕೀಟಿನ ಅಂಚಿನಲ್ಲಿ ಇರುವ ಕಪ್ಪು ಅಥವಾ ಬಣ್ಣದ ಚೌಕ ಯಂತ್ರಕ್ಕಾಗಿ ಇರುವ ಗುರುತು. ಹಾಳೆಯನ್ನು ಎಲ್ಲಿ ಕತ್ತರಿಸಬೇಕು ಎಂದು ಯಂತ್ರದ ಕಣ್ಣು ಅದನ್ನು ನೋಡಿ ತಿಳಿಯುತ್ತದೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಆದರೆ ಎಲ್ಲ ಬಣ್ಣವೂ ಅರ್ಥಹೀನವಲ್ಲ. ಕೆಲವು ಪಾಕೀಟುಗಳ ಮೇಲೆ ಕ್ರಿಮಿ ಕೊಲ್ಲುವ ಪ್ರಕ್ರಿಯೆ ನಡೆದಾಗ ಬಣ್ಣ ಬದಲಿಸುವ ಚುಕ್ಕೆ ಇರುತ್ತದೆ. ಪಕ್ಕದಲ್ಲೇ ಯಾವ ಬಣ್ಣ ಬರಬೇಕು ಎಂದು ಬರೆದಿರುತ್ತದೆ. ಆ ಪಾಕೀಟು ಪ್ರಕ್ರಿಯೆಗೆ ಒಳಗಾಗಿದೆ ಎಂದಷ್ಟೇ ಅದು ಹೇಳುತ್ತದೆ. ಆಮೇಲೆ ಪಾಕೀಟು ತೂತಾಗಿದ್ದರೆ ಚುಕ್ಕೆಗೆ ಗೊತ್ತಾಗದು.

ಕ್ಯಾನುಲಾದ ಹಿಂಬದಿಯ ಬಣ್ಣಕ್ಕೂ ನಿಜವಾದ ಅರ್ಥವಿದೆ. ಅದು ಅಳತೆ: ಹಸಿರು 18, ಗುಲಾಬಿ 20, ನೀಲಿ 22, ಹಳದಿ 24 ಗೇಜ್. ಸಂಖ್ಯೆ ದೊಡ್ಡದಾದಷ್ಟೂ ನಳಿಕೆ ಸಣ್ಣದು.

ಎಕ್ಸ್‌ಪೈರಿ ಅಂಟಿಗೆ ಮಾತ್ರವೇ?

ಅಂಟು ಹಳೆಯದಾಗುತ್ತದೆ, ನಿಜ. ಆದರೆ ದಿನಾಂಕದ ಹಿಂದೆ ಪಾಕೀಟಿನ ಪರೀಕ್ಷೆಯೂ ಇದೆ. ಪಾಕೀಟಿನ ಸುತ್ತಲಿನ ಬೆಸುಗೆ ಎಷ್ಟು ಕಾಲ ಬಿಡದೆ ಇರುತ್ತದೆ ಎಂದು ಬಿಸಿಯಲ್ಲಿಟ್ಟು ಬೇಗ ಹಳೆಯದಾಗಿಸಿ ನೋಡುತ್ತಾರೆ. ಬಣ್ಣದ ದ್ರವ ಹಾಕಿ, ಬೆಸುಗೆಯ ಮೂಲಕ ಒಳಗೆ ಹರಿಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ದಿನಾಂಕ ದಾಟಿದರೆ ಒಳಗಿನದು ಕ್ರಿಮಿರಹಿತ ಎಂಬ ಭರವಸೆ ಯಾರದೂ ಇಲ್ಲ. ಪಟ್ಟಿ ಚೆನ್ನಾಗಿ ಅಂಟಬಹುದು, ಆದರೆ ಕಣ್ಣಿಗೆ ಕಾಣದ್ದನ್ನು ಅಂಟಿಸಿ ನೋಡಿ ತಿಳಿಯಲು ಆಗದು.

ಪಾಕೀಟು ಕೆಡುವುದು ಎಲ್ಲಿ?

ಕಾರ್ಖಾನೆಯಲ್ಲಿ ಇಷ್ಟೆಲ್ಲ ಮಾಡಿದ ಪಾಕೀಟು ಕೊನೆಯ ಒಂದೆರಡು ದಿನದಲ್ಲಿ ನಮ್ಮ ಕೈಯಲ್ಲೇ ಕೆಡಬಹುದು.

ಸ್ಟೇಪ್ಲರ್ ಪಿನ್: ಬಿಲ್ಲನ್ನು ಪಾಕೀಟಿಗೆ ಸೇರಿಸಿ ಪಿನ್ ಹೊಡೆದರೆ ಎರಡು ತೂತು. ಬೆಸುಗೆಯ ಒಳಗಿನ ಜಾಗಕ್ಕೆ ಪಿನ್ ಬಿದ್ದಿದ್ದರೆ ಆ ಪಾಕೀಟು ಕ್ರಿಮಿರಹಿತವಲ್ಲ. ಅಂಗಡಿಯಲ್ಲೇ ಹೇಳಿ: "ಪಿನ್ ಹೊಡೀಬ್ಯಾಡ್ರಿ, ಬ್ಯಾರೆ ಕವರ್‌ನಾಗ ಹಾಕಿ ಕೊಡ್ರಿ."

ಕತ್ತರಿ: ಪಾಕೀಟುಗಳು ಸಾಲಾಗಿ ಅಂಟಿಕೊಂಡು ಬಂದಿದ್ದರೆ ಬಿಡಿಸುವಾಗ ಬೆಸುಗೆಗೇ ಕತ್ತರಿ ತಾಗದಂತೆ ನೋಡಬೇಕು.

ಪೆನ್ನು: ಬಿಳಿ ಹಾಳೆಯ ಮೇಲೆ ಒತ್ತಿ ಬರೆದರೆ ತುದಿ ಚುಚ್ಚಬಹುದು. ಬರೆಯಲೇಬೇಕೆಂದರೆ ಪಾಕೀಟನ್ನು ಹಾಕಿಟ್ಟ ಕವರ್ ಮೇಲೆ ಬರೆಯಿರಿ.

ರಬ್ಬರ್ ಬ್ಯಾಂಡ್: ಬಿಗಿಯಾಗಿ ಕಟ್ಟಿ ಮಡಚಿದಲ್ಲಿ ಸೀಳು ಬೀಳುತ್ತದೆ.

ನೀರು: ಕಾಗದದ ಪಾಕೀಟು ಒದ್ದೆಯಾದರೆ ನೀರಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತದೆ. ಮತ್ತೆ ಒಣಗಿದ ಮೇಲೆ ನೋಡಲು ಹೊಸದರಂತೆಯೇ ಇರುತ್ತದೆ, ಆದರೆ ಕೆಟ್ಟಿರುತ್ತದೆ. ಹಾಳೆಯ ಮೇಲೆ ನೀರಿನ ಕಲೆಯ ಗೆರೆ ಕಂಡರೆ ಬಳಸಬೇಡಿ. ಫ್ರಿಜ್‌ನಲ್ಲೂ ಇಡಬೇಡಿ. ಹೊರಗೆ ತೆಗೆದಾಗ ಬೆವರುತ್ತದೆ. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರುವ ಒಣ ಸ್ಟೀಲ್ ಡಬ್ಬಿ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಗೋಡೆಗೆ ತಾಗದಂತೆ ಇಡುವುದು ಒಳ್ಳೆಯದು. ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ. ಬಿಸಿಗೆ ಅಂಟು ಕೆಡುತ್ತದೆ.

ಬಿಚ್ಚುವುದು, ಅಂಟಿಸುವುದು

ಕುತ್ತಿಗೆ, ಎದೆ ಅಥವಾ ತೋಳಿನ ದೊಡ್ಡ ರಕ್ತನಾಳದ ನಳಿಕೆಯ ಪಟ್ಟಿಯನ್ನು ತರಬೇತಿ ಇಲ್ಲದವರು ಮುಟ್ಟಬಾರದು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರೆ ಮಾತ್ರ, ಹೇಳಿಕೊಟ್ಟಂತೆಯೇ ಮಾಡಿ. ಆದರೆ ಸರಿಯಾದ ಕ್ರಮ ಎಲ್ಲರಿಗೂ ಗೊತ್ತಿದ್ದರೆ ಸಿಸ್ಟರ್‌ಗೂ ಸಹಾಯ.

ಪಾಕೀಟಿನ ಒಂದು ತುದಿಯಲ್ಲಿ ಎರಡೂ ಹಾಳೆಗಳು ಬೇರೆ ಬೇರೆಯಾಗಿ ಬಿಟ್ಟಿರುತ್ತವೆ. ಅಲ್ಲಿ ಎರಡು ಕೈಯಿಂದ ಹಿಡಿದು ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಬಿಡಿಸಬೇಕು. ಅಡ್ಡ ಹರಿಯುವುದು, ಹಲ್ಲಿನಿಂದ ಕಚ್ಚುವುದು, ಬೆರಳಿನಿಂದ ಕಾಗದ ತೂತು ಮಾಡುವುದು ತಪ್ಪು. ಹರಿದಾಗ ಕಾಗದದ ಎಳೆಗಳು ಪಟ್ಟಿಯ ಮೇಲೆ ಉದುರುತ್ತವೆ, ಪಟ್ಟಿ ಪಾಕೀಟಿನ ಹೊರ ಅಂಚಿಗೆ ತಾಗುತ್ತದೆ. ಕೈ ತೊಳೆದು ಒಣಗಿಸಿಕೊಂಡ ಮೇಲೆಯೇ ಬಿಚ್ಚಬೇಕು. ಚರ್ಮಕ್ಕೆ ತಾಗುವ ಬದಿಯನ್ನು ಮುಟ್ಟಬಾರದು.

ಚರ್ಮಕ್ಕೆ ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಹಚ್ಚಿದರೆ ಅದು ತಾನಾಗಿ ಪೂರ್ತಿ ಒಣಗಬೇಕು. ಬಾಯಿಂದ ಊದಿ ಒಣಗಿಸಬಾರದು. ಒದ್ದೆ ಇರುವಾಗ ಅಂಟಿಸಿದರೆ ಪಟ್ಟಿ ಹಿಡಿಯುವುದಿಲ್ಲ, ಚರ್ಮವೂ ಉರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಕೈಗೂ ಅಂಟುವುದಿಲ್ಲ. ಚುಚ್ಚಿದ ಜಾಗಕ್ಕೆ ಅರಿಶಿನ, ಪೌಡರ್ ಹಾಕಲೇಬಾರದು. ಅವು ಕ್ರಿಮಿರಹಿತವಲ್ಲ. ಪಟ್ಟಿಯನ್ನು ಎಳೆದು ಬಿಗಿ ಮಾಡದೆ, ಸುಮ್ಮನೆ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಒತ್ತಬೇಕು. ಈ ಅಂಟು ಕೆಲಸ ಮಾಡುವುದೇ ಒತ್ತಡದಿಂದ.

ತೆಗೆಯುವಾಗ ಒಂದೇ ಏಟಿಗೆ ಕಿತ್ತರೆ ನೋವು ಕಡಿಮೆ ಎಂಬ ಮಾತು ವಯಸ್ಸಾದವರ, ಮಕ್ಕಳ ತೆಳು ಚರ್ಮಕ್ಕೆ ಅಪಾಯಕಾರಿ. ಚರ್ಮದ ಪದರವೇ ಕಿತ್ತು ಬರಬಹುದು. ಒಂದು ಕೈಯಿಂದ ಚರ್ಮವನ್ನು, ನಳಿಕೆಯನ್ನು ಹಿಡಿದು, ಪಟ್ಟಿಯನ್ನು ಮೇಲಕ್ಕೆ ಎತ್ತದೆ ಚರ್ಮಕ್ಕೆ ಸಮಾನವಾಗಿ ನಿಧಾನವಾಗಿ ಹಿಂದಕ್ಕೆ ಬಿಡಿಸಬೇಕು.

ಇನ್ನೊಂದು ಮಾತು. ಅಂಟುಟೇಪಿನ ಸುರುಳಿ ಕ್ರಿಮಿರಹಿತವಲ್ಲ. ಹಲವರ ಕೈ ದಾಟುವ ಸುರುಳಿಗಳ ಮೇಲೆ ಬ್ಯಾಕ್ಟೀರಿಯಾ ಇರುವುದು ಅಧ್ಯಯನಗಳಲ್ಲಿ ಕಂಡಿದೆ. ಪೈಪನ್ನು ದೂರದಲ್ಲಿ ಹಿಡಿದಿಡಲು ಟೇಪ್ ಸರಿ, ಚುಚ್ಚಿದ ಜಾಗದ ಮೇಲೆ ಸಲ್ಲದು.

ದಿನಾ ಬದಲಿಸಬೇಕೇ? ಗಾಳಿ ಬೇಕೇ?

"ಗಾಳಿ ಆಡ್ಲಿ ಬಿಡ್ರಿ" ಎಂಬುದು ನಮ್ಮ ಮನೆಗಳಲ್ಲಿ ಹಿರಿಯರ ಮಾತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ತೆಳು ಪದರದಿಂದ ಮುಚ್ಚಿ ತೇವ ಉಳಿಸಿದ ಗಾಯ ಗಾಳಿಗೆ ಬಿಟ್ಟ ಗಾಯಕ್ಕಿಂತ ಬೇಗ ಮಾಯಿತು. ಅದು ಮೇಲ್ಮೈ ಗಾಯದ ಮಾತು. ನಳಿಕೆ ಹಾಕಿದ ಜಾಗಕ್ಕಂತೂ ಗಾಳಿಗೆ ಬಿಡುವುದೆಂದರೆ ಬಾಗಿಲು ತೆರೆದಿಟ್ಟಂತೆ.

ದಿನಾ ಬದಲಿಸುವುದೂ ಬೇಡ. ಬಿಚ್ಚಿದಾಗಲೆಲ್ಲ ನಳಿಕೆ ಅಲುಗುತ್ತದೆ, ಚರ್ಮ ಸುಲಿಯುತ್ತದೆ, ಹೊರಗಿನ ಕ್ರಿಮಿಗೆ ಅವಕಾಶ ಸಿಗುತ್ತದೆ. ದೊಡ್ಡ ರಕ್ತನಾಳದ ನಳಿಕೆಗೆ ಹಾಕಿದ ಪಾರದರ್ಶಕ ಪಟ್ಟಿಯನ್ನು 7 ದಿನಕ್ಕೊಮ್ಮೆ, ಹತ್ತಿಬಟ್ಟೆಯ ಪಟ್ಟಿಯನ್ನು 2 ದಿನಕ್ಕೊಮ್ಮೆ ಬದಲಿಸುವುದು ಅಮೆರಿಕದ ಸಿಡಿಸಿ 2011ರಲ್ಲಿ ಕೊಟ್ಟ ಮಾರ್ಗಸೂಚಿ. ಆದರೆ ಒದ್ದೆಯಾದರೆ, ಕೊಳೆಯಾದರೆ, ಅಂಚು ಬಿಟ್ಟರೆ ದಿನ ಎಣಿಸದೆ ಆಗಲೇ ಬದಲಿಸಬೇಕು. ನಿಮ್ಮ ಆಸ್ಪತ್ರೆ ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.

ಕೈಗೆ ಹಾಕುವ ಸಾಮಾನ್ಯ ಕ್ಯಾನುಲಾ ಬಗ್ಗೆಯೂ ಒಂದು ದೊಡ್ಡ ಅಧ್ಯಯನವಿದೆ. ಆಸ್ಟ್ರೇಲಿಯಾದಲ್ಲಿ 3,283 ರೋಗಿಗಳ ಮೇಲೆ ನಡೆದು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅದರಲ್ಲಿ, ನಿಗದಿತ ದಿನಕ್ಕೆ ತಪ್ಪದೆ ಬದಲಿಸಿದವರಲ್ಲೂ, ಅಗತ್ಯ ಬಿದ್ದಾಗ ಮಾತ್ರ ಬದಲಿಸಿದವರಲ್ಲೂ ರಕ್ತನಾಳದ ಉರಿಯೂತ ಶೇ 7ರಷ್ಟೇ ಇತ್ತು.

ದುಬಾರಿ ಪಟ್ಟಿ ಹಾಕಿದರೆ ಸೋಂಕು ಬರುವುದಿಲ್ಲವೇ?

ಇದಕ್ಕೂ ಉತ್ತರ ಹುಡುಕಿದ್ದಾರೆ. 2018ರ ಇನ್ನೊಂದು ಅಧ್ಯಯನದಲ್ಲಿ ಸುಮಾರು 1,700 ರೋಗಿಗಳಿಗೆ ನಾಲ್ಕು ಬಗೆಯಲ್ಲಿ ಕ್ಯಾನುಲಾ ಹಿಡಿದಿಟ್ಟು ನೋಡಿದರು. ಸಾದಾ ಪಾರದರ್ಶಕ ಪಟ್ಟಿ, ಅಂಚು ದಪ್ಪ ಇರುವ ಪಟ್ಟಿ, ಹಿಡಿದಿಡುವ ಪ್ರತ್ಯೇಕ ಸಾಧನ ಮತ್ತು ಚರ್ಮದ ಅಂಟು. ಅವಧಿಗೆ ಮೊದಲೇ ಕ್ಯಾನುಲಾ ವಿಫಲವಾದದ್ದು ನಾಲ್ಕರಲ್ಲೂ ಶೇ 38ರಿಂದ 43ರ ನಡುವೆ. ಒಂದಕ್ಕಿಂತ ಇನ್ನೊಂದು ಮೇಲು ಎಂದು ಹೇಳುವಂಥ ವ್ಯತ್ಯಾಸ ಸಿಗಲಿಲ್ಲ.

ಅಂದರೆ ಬೆಲೆಗಿಂತ ಮುಖ್ಯವಾದದ್ದು ಕೈ ತೊಳೆಯುವುದು, ಒಣ ಚರ್ಮ, ಕೆಡದ ಪಾಕೀಟು, ದಿನಕ್ಕೊಮ್ಮೆ ಜಾಗವನ್ನು ಗಮನಿಸುವುದು. ಬೇಡವಾದ ನಳಿಕೆಯನ್ನು ತೆಗೆಸುವುದೂ ಅಷ್ಟೇ ಮುಖ್ಯ. "ಇದು ಇನ್ನೂ ಬೇಕೇನ್ರಿ?" ಎಂದು ಕೇಳುವ ಹಕ್ಕು ರೋಗಿಗೆ ಇದೆ.

ತೊಳೆದು ಮತ್ತೆ ಬಳಸಬಹುದೇ? ಎಲ್ಲಿ ಎಸೆಯಬೇಕು?

ತೊಳೆದರೆ ಕ್ರಿಮಿರಹಿತವಾಗುವುದಿಲ್ಲ. ಕ್ರಿಮಿನಾಶಕದಲ್ಲಿ ಅದ್ದಿದರೆ ಅಂಟು ಕೆಡುತ್ತದೆ, ಕುದಿಸಿದರೆ ಪದರವೇ ಹಾಳಾಗುತ್ತದೆ. ಕ್ರಿಮಿರಹಿತ ಎನ್ನಲು ತಯಾರಕರು ಪಾಲಿಸಬೇಕಾದ ಲೆಕ್ಕ, ಹತ್ತು ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚು ವಸ್ತುವಿನಲ್ಲಿ ಜೀವಂತ ಕ್ರಿಮಿ ಉಳಿಯುವ ಸಾಧ್ಯತೆ ಇರಬಾರದು ಎಂಬುದು. ಅಡುಗೆಮನೆಯಲ್ಲಿ ಅದು ಸಾಧ್ಯವಿಲ್ಲ.

ಆಸ್ಪತ್ರೆಯಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ತಾಗಿದ ಪಟ್ಟಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಪೈಪ್ ಕೆಂಪಿಗೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ಮನೆಯಲ್ಲಿ ಬದಲಿಸಿದ್ದರೆ ಬಳಸಿದ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಬೇರೆಯಾಗಿ ಕೊಡಿ. ಕಸದ ಗಾಡಿಯವರ ಕೈಗೆ ರಕ್ತ ತಾಗಬಾರದು.

ತಡ ಮಾಡಬಾರದ ಲಕ್ಷಣಗಳು

ಚುಚ್ಚಿದ ಜಾಗ ಕೆಂಪಾಗುವುದು, ಊದುವುದು, ಮುಟ್ಟಿದರೆ ಹಗ್ಗದಂತೆ ಗಟ್ಟಿ ನರ ಸಿಗುವುದು, ಕೀವು, ಪಟ್ಟಿಯ ಕೆಳಗೆ ನೀರು ಸೇರುವುದು, ಚಳಿ ಜ್ವರ. ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಸಿಸ್ಟರ್‌ಗೆ ಅಥವಾ ಡಾಕ್ಟರಿಗೆ ಹೇಳಿ. ಡಯಾಲಿಸಿಸ್ ನಳಿಕೆ ಇರುವವರಿಗೆ ಚಳಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ನಳಿಕೆಯನ್ನು ನೀವೇ ಎಳೆಯಬೇಡಿ.

ಪಟ್ಟಿ ಅಥವಾ ಪಾಕೀಟಿನ ದೋಷದಿಂದ ತೊಂದರೆಯಾಯಿತು ಎನಿಸಿದರೆ ಅದನ್ನು ದಾಖಲಿಸಲು 2015ರಿಂದ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಉಚಿತ ಸಹಾಯವಾಣಿ 1800-180-3024. ಕರೆ ಮಾಡುವಾಗ ಬ್ಯಾಚ್ ಸಂಖ್ಯೆ ಕೇಳುತ್ತಾರೆ. ಹಾಗಾಗಿ ಪಾಕೀಟು ಎಸೆಯುವ ಮೊದಲು ಅದರ ಎರಡೂ ಬದಿಯ ಫೋಟೋ ತೆಗೆದಿಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

1. ಪಾಕೀಟು ಹರಿದಿದ್ದರೆ, ಒದ್ದೆಯಾಗಿದ್ದರೆ, ಪಿನ್ ಚುಚ್ಚಿದ್ದರೆ, ದಿನಾಂಕ ದಾಟಿದ್ದರೆ ಬಳಸಬೇಡಿ.
2. ‘ಇಒ’, ‘ಆರ್’ ಎಂದರೆ ಕ್ರಿಮಿ ಕೊಂದ ವಿಧಾನ. ಭಯ ಬೇಡ.
3. ಅಡ್ಡಗೆರೆಯ 2 ಎಂದರೆ ಒಮ್ಮೆ ಮಾತ್ರ.
4. ಅಂಚಿನ ಬಣ್ಣದ ಚೌಕಕ್ಕೆ ಗುಣಮಟ್ಟದ ಅರ್ಥವಿಲ್ಲ. ಬ್ಯಾಚ್, ದಿನಾಂಕ, ಪರವಾನಗಿ ನೋಡಿ.
5. ಪಟ್ಟಿ ಒಣಗಿ ಗಟ್ಟಿಯಾಗಿ ಅಂಟಿದ್ದರೆ ದಿನಾ ಬಿಚ್ಚಬೇಡಿ. ಒದ್ದೆಯಾದರೆ, ಅಂಚು ಬಿಟ್ಟರೆ ತಡ ಮಾಡಬೇಡಿ.
6. ಕೆಂಪು, ಊತ, ಕೀವು, ಚಳಿ ಜ್ವರ ಕಂಡರೆ ಮೊದಲು ಆಸ್ಪತ್ರೆ, ಆಮೇಲೆ ವಾಟ್ಸ್ಆ್ಯಪ್.